ಮೂರಡಿ ಎಂಟು ಇಂಚಿನ ಆಕಾಶ

ಪುರಸಭೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

‘ಗುಂಡುಗಳನ್ನು ಆಕಾಶದತ್ತ ಹಾರಿಸಲಾಯಿತು.’ ನಲವತ್ತು ವರ್ಷಗಳ ಹಿಂದಿನ ವಿಚಾರಣಾ ವರದಿಯ ಈ ಸಾಲು ನನಗೆ ಅರೆಬರೆ ನೆನಪಿದೆ. ‘ಆಕಾಶದತ್ತ’ ಎಂದಿತ್ತೋ ‘ಗಾಳಿಯಲ್ಲಿ’ ಎಂದಿತ್ತೋ, ಆಣೆಯಿಟ್ಟು ಹೇಳಲಾರೆ. ಯಾವುದಿದ್ದರೂ ನನ್ನ ಪ್ರಶ್ನೆ ಒಂದೇ: ಆ ಆಕಾಶ ನೆಲದಿಂದ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ? ಉತ್ತರ ಹಳೆಯ ಶಾಲೆಯ ವರಾಂಡದ ಗೋಡೆಯಲ್ಲಿದೆ. ಬರುವ ಸೋಮವಾರ ಅದೇ ಗೋಡೆಗೆ ಸಿಮೆಂಟು ಬಳಿಸಲು ತಾವು ಆದೇಶಿಸಿದ್ದೀರಿ.

ಒಂದೇ ಆವರಣದಲ್ಲಿದ್ದ ಶಾಲೆಯನ್ನೂ ಆಸ್ಪತ್ರೆಯನ್ನೂ ಸೇರಿಸಿ ‘ಇತಿಹಾಸ ಭವನ’ ಮಾಡುತ್ತಿದ್ದೀರಂತೆ. ಸಂತೋಷ. ಗೇಟಿನಲ್ಲಿ ಆಗಲೇ ಫಲಕ ನಿಂತಿದೆ: ‘ಇಲ್ಲಿದ್ದ ಶಾಲೆ ಮತ್ತು ಆಸ್ಪತ್ರೆ ಕಾಲಕ್ರಮೇಣ ಸ್ಥಳಾಂತರಗೊಂಡವು.’ ‘ಕಾಲಕ್ರಮೇಣ’ ಎಂದು ಬರೆದವರ ಕೈಗೆ ನಮಸ್ಕಾರ. ನಾನು ಕಂಡ ಕಾಲಕ್ರಮ ಹತ್ತು ನಿಮಿಷದ್ದು.

ಆಸ್ಪತ್ರೆ ಮುಚ್ಚಲು ಆದೇಶ ಬಂದ ದಿನ ಅದು. ಮಂಚಗಳನ್ನು ಲಾರಿಗೆ ಏರಿಸುತ್ತಿದ್ದರು. ಲಾರಿ ಹೊರಡದಂತೆ ಊರಿನವರು ಅಂಗಳದಲ್ಲಿ ಕುಳಿತಿದ್ದರು, ಅವರೆದುರು ಬಂದೂಕು ಹಿಡಿದ ಪೊಲೀಸರು. ಇತ್ತ ವರಾಂಡದಲ್ಲಿ ಆಸ್ಪತ್ರೆಯ ನರ್ಸಮ್ಮ ನಮ್ಮ ಎತ್ತರ ಅಳೆಯುತ್ತಿದ್ದರು. ಪ್ರತಿ ವರ್ಷದ ಕೆಲಸ, ಕೊನೆಯ ಬಾರಿಗೆ ಮುಗಿಸಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದರಂತೆ. ನನಗೆ ಎಂಟು ವರ್ಷ. ನನ್ನ ಮುಂದೆ ಅಕ್ಕ, ಹನ್ನೊಂದು. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು. “ಹಿಮ್ಮಡಿ ಎತ್ತಬೇಡ ಕಣೇ ಕಳ್ಳಿ. ಎತ್ತರ ಕದಿಯೋಕಾಗಲ್ಲ,” ಎಂದು ನರ್ಸಮ್ಮ ಅವಳ ತಲೆಯ ಮೇಲೆ ಸ್ಕೇಲು ಇಟ್ಟರು. ಅಕ್ಕ ನಗುತ್ತ ಹಿಮ್ಮಡಿ ಇಳಿಸಿದಳು. ನಾಲ್ಕಡಿ ಒಂಬತ್ತು ಇಂಚು. ಪೆನ್ಸಿಲಿನ ಗೆರೆ ಬಿತ್ತು, ಅಷ್ಟರಲ್ಲಿ ಅಂಗಳದ ಕಡೆಯಿಂದ ಗುಂಡು ಬಂತು. ಎದೆಯನ್ನು ಹೊಕ್ಕಿದ್ದು ಬೆನ್ನಿನಿಂದ ಹೊರಟು ಗೋಡೆಯಲ್ಲಿ ಕೂತಿತು. ಅವಳು ಗೋಡೆಯುದ್ದಕ್ಕೂ ಕೆಂಪಗೆ ಜಾರಿ ಕುಳಿತಳು. ನನ್ನ ಬಾಯೊಳಗೆ ಸುಣ್ಣದ ಪುಡಿ, ಮುಖದ ಮೇಲೆ ಬೆಚ್ಚಗಿನದೇನೋ. ಮತ್ತೆರಡು ಗುಂಡು ಬಿದ್ದವು. ಅಂಗಳದಲ್ಲಿ ಬಿದ್ದವರನ್ನು ತುಳಿದುಕೊಂಡೇ ಜನ ಓಡಿದರು. ನರ್ಸಮ್ಮ ಅಕ್ಕನನ್ನು ಹೊತ್ತು ಆಸ್ಪತ್ರೆಗೆ ಓಡಿದರೆ ಅಲ್ಲಿ ಮಲಗಿಸಲು ಒಂದು ಮಂಚವೂ ಇರಲಿಲ್ಲ. ಬರಿ ನೆಲದ ಮೇಲೆ ಅಕ್ಕ ಸತ್ತಳು. ಬೆಳಿಗ್ಗೆ ಹತ್ತಕ್ಕೇ ಮುಚ್ಚಿದ ಆಸ್ಪತ್ರೆಯಲ್ಲಿ ಹನ್ನೊಂದಕ್ಕೆ ಯಾರೂ ಸಾಯುವಂತಿಲ್ಲವಾದ್ದರಿಂದ, ಅವಳ ಸಾವು ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ಮಕ್ಕಳು ಮತ್ತೆ ಆ ಶಾಲೆಗೆ ಹೋಗಲಿಲ್ಲ. ಇದು ತಮ್ಮ ಸ್ಥಳಾಂತರ.

ವಾರದೊಳಗೆ ಗೋಡೆಯ ತೂತುಗಳನ್ನು ಮುಚ್ಚಿಸಿದರು. ಹೋದ ಮಳೆಗಾಲದಲ್ಲಿ ಮುಚ್ಚಿದ್ದೆಲ್ಲ ಉದುರಿದೆ. ತಮ್ಮ ಇಂಜಿನಿಯರರು, “ಮೇಡಂ, ಅವು ಮಳೆಗೆ ಆದ ತೂತು,” ಎಂದರು. “ಮಳೆ ಏನು ಮಕ್ಕಳ ಎದೆ ಎತ್ತರ ನೋಡ್ಕೊಂಡು ಹೊಡೆಯುತ್ತಾ ಸರ್?” ಎಂದು ಕೇಳಿದೆ. ಅವರು ಫೋನು ನೋಡಿಕೊಂಡರು. ಅಳೆಯಲು ಟೇಪು ಕೂಡ ಬೇಡ. ಎಣ್ಣೆಬಣ್ಣದಲ್ಲಿ ಬರೆದ ಅಡಿ, ಇಂಚುಗಳ ಪಟ್ಟಿ ಸುಣ್ಣಕ್ಕೆ ಜಗ್ಗದೆ ಗೋಡೆಯ ಮೇಲೆ ಹಾಗೆಯೇ ಇದೆ. ಅಕ್ಕನ ತೂತು ಮೂರಡಿ ಎಂಟು ಇಂಚಿಗೆ. ಉಳಿದೆರಡು ಅದಕ್ಕೂ ಕೆಳಗೆ. ಇಷ್ಟು ತಗ್ಗಿನ ಆಕಾಶದ ಕೆಳಗೆ ನಾವು ನೆಟ್ಟಗೆ ನಿಂತದ್ದೇ ತಪ್ಪಾಯಿತೇ?

ನಾನು ಪರಿಹಾರ ಕೇಳುತ್ತಿಲ್ಲ. ಆ ಗೋಡೆಯನ್ನು ಮುಟ್ಟಬೇಡಿ. ಸೋಮವಾರ ತಾವೇ ಬಂದು, ಊರಿನವರ ಎದುರು ಮೂರೂ ತೂತುಗಳ ಎತ್ತರವನ್ನು ಓದಿ, ಅದನ್ನು ಫಲಕದಲ್ಲಿ ಬರೆಸಿ. ಬಗ್ಗಿ ಓದಬೇಕಾಗುತ್ತದೆ, ಅಷ್ಟು ಕಷ್ಟ ತೆಗೆದುಕೊಳ್ಳಿ.

ಇಂತಿ,
ಆ ದಿನ ಸಾಲಿನಲ್ಲಿ ಮುಂದಿನವಳು, ಇನ್ನೂ ಅಳತೆಯಾಗದವಳು

ಸಹಿ ಹಾಕಿದ ಮೇಲೆ ಸೇರಿಸಿದ್ದು: ಪತ್ರ ಮುಗಿಸುವಾಗ ಪಕ್ಕದ ಮನೆಯ ಗಾರೆ ಮೇಸ್ತ್ರಿ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದರು: “ಸೋಮವಾರದ ಕೆಲಸಕ್ಕೆ ನನ್ನನ್ನೇ ಕರೆದಿದ್ರು, ಬರಲ್ಲ ಅಂದೆ. ಆವತ್ತೂ ಮುಚ್ಚಿದ್ದು ನಾನೇ ಕಣಮ್ಮ. ಸಿಮೆಂಟು ಹಾಕು ಅಂತ ಪೊಲೀಸರು ಹಿಂದೆನೇ ನಿಂತಿದ್ರು. ಅವರು ಬೀಡಿ ಹಚ್ಚೋಕೆ ಆ ಕಡೆ ತಿರುಗಿದಾಗ ಬರೀ ಮಣ್ಣು ತುಂಬಿ ಮೇಲೆ ಸುಣ್ಣ ಬಳಿದೆ. ಎರಡು ಮಳೆಗೆ ಉದುರುತ್ತೆ, ಎಲ್ಲರೂ ನೋಡ್ತಾರೆ ಅಂದ್ಕೊಂಡಿದ್ದೆ. ನಲವತ್ತು ವರ್ಷ ನಿಂತುಬಿಡ್ತು. ಅಷ್ಟು ಚೆನ್ನಾಗಿ ಮೆತ್ತಬಾರದಿತ್ತು.”