ಬಲಗೈ ಬೆರಳಿನ ಸಕ್ಕರೆ

ದಿನಾಂಕ ೧೪, ಬುಧವಾರ
ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಪುಟ್ಟಿಗೆ, ಅಕ್ಕ ಮಾಡುವ ಆಶೀರ್ವಾದಗಳು.

ಅಕ್ಷರ ನೋಡಿ ಗಾಬರಿಯಾಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಕೋಳಿ ಕೆದರಿದ ಹಾಗಿದೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ಆಮೇಲೆ ನಿನ್ನನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಕಾಗದದ ಮುಂದೆ ಎಷ್ಟು ಬೇಕಾದರೂ ಅತ್ತುಕೋ, ನನಗೆ ಕೇಳಿಸುವುದಿಲ್ಲ.

ಮಣಿಕಟ್ಟಿನ ಆಪರೇಷನ್ ಚೆನ್ನಾಗಿ ಆಯಿತು ಅಂತ ಹೇಳಿದ್ದೆನಲ್ಲ, ಅದು ಸುಳ್ಳಲ್ಲ. ಗಾಯ ಮಾಯ್ದಿದೆ, ಹೊಲಿಗೆ ಬಿಚ್ಚಿದ್ದಾರೆ, ಸಕ್ಕರೆ ಹೇಳಿದ ಮಾತು ಕೇಳುತ್ತಿದೆ. ಹೇಳದೆ ಉಳಿಸಿಕೊಂಡದ್ದು ಒಂದೇ. ಬೆರಳು ಎದ್ದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟಿಕೊಂಡೇ ಇವೆ. ಕ್ರೀಮಿನ ಕೋನ್ ಹಿಡಿದಿದ್ದೇನೋ ಬಿಟ್ಟಿದ್ದೇನೋ ಕಣ್ಣಲ್ಲಿ ನೋಡಿ ತಿಳಿಯಬೇಕು. ಇನ್ನು ಸರಿಹೋಗುವುದು ಕಷ್ಟವಂತೆ. ಇತ್ತ ಮಗಳ ಮದುವೆಗೆ ಮೂರು ಅಂತಸ್ತಿನ ಕೇಕು ಆಗಬೇಕು, ಅದರ ತುಂಬಾ ನಾನೇ ಕೈಯಾರೆ ಬಿಡಿಸಿದ ಗುಲಾಬಿ ಇರಬೇಕು. ಈ ಕೈ ಹೋಯಿತು ಅನ್ನುವುದು ಅವಳಿಗೆ ಮಾತ್ರ ಗೊತ್ತಾಗಬಾರದು. ಯಾಕೆ ಅಂತ ಹೇಳುತ್ತೇನೆ, ನಿನ್ನ ಅಭ್ಯಾಸದಂತೆ ಕೊನೆಯ ಪುಟಕ್ಕೆ ಹಾರಬೇಡ.

ಇನ್ಸುಲಿನ್ ಶುರುವಾದ ಮೇಲೆ ದಿನಾ ಬೆಳಗ್ಗೆ ಬೆರಳು ಚುಚ್ಚಿ ಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳಬೇಕಿತ್ತು. ಎಲ್ಲರೂ ನೋಯುತ್ತದೆ ಅಂತ ಗೋಳಾಡುತ್ತಾರೆ. ನನಗೇನು, ಮಣಿಕಟ್ಟಿನಲ್ಲಿ ನರ ಅದುಮಿಕೊಂಡು ಮೂರು ಬೆರಳು ಆಗಲೇ ಸತ್ತು ಮಲಗಿದ್ದವು, ಸೂಜಿ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಮಹಾ ಜಾಣೆಯ ಹಾಗೆ ಅವನ್ನೇ ಚುಚ್ಚಿಕೊಳ್ಳುತ್ತಿದ್ದೆ. ಮೊದಲ ಕೇಕು ಮುಗಿಸಿ, ಕೈಯನ್ನು ಏಪ್ರನ್‌ಗೆ ಒರೆಸಿ, ಮೇಜಿನ ಹತ್ತಿರವೇ ನಿಂತು ನೋಡುವುದು. ಮುನ್ನೂರು, ಮುನ್ನೂರ ನಲವತ್ತು. ಡಾಕ್ಟರು ಡೋಸ್ ಏರಿಸಿದರು. ಆದರೂ ಮುನ್ನೂರು.

ಮಗಳು ಕೇಳಿದಳು, ಅಮ್ಮಾ ಕ್ರೀಮು ತಿಂತಿದ್ದೀಯಾ ಅಂತ. ಇಲ್ಲ ಕಣೇ ಅಂದೆ. ನಿನ್ನಾಣೆ ಅಂದೆ. ಇಡೀ ದಿನ ಸಕ್ಕರೆ ಡಬ್ಬಿಯ ಮುಂದೆ ನಿಲ್ಲುವವಳ ಆಣೆಯನ್ನು ಯಾರು ನಂಬುತ್ತಾರೆ ಹೇಳು. ಅವಳು ಬೈಯಲಿಲ್ಲ, ಫ್ರಿಜ್ಜಿಗೆ ಬೀಗ ಹಾಕಿದಳು. ಬೈದಿದ್ದರೇ ವಾಸಿಯಿತ್ತು.

ಆಪರೇಷನ್ ದಿನವೂ ಬಂತು. ಬೆಳಗ್ಗೆ ಒಂದು ಆರ್ಡರ್ ಮುಗಿಸಿಕೊಟ್ಟು, ಅಂಗಡಿಯಲ್ಲೇ ನೋಡಿಕೊಂಡು ಹೊರಟೆ. ಮೀಟರು ಮತ್ತೆ ಮುನ್ನೂರ ಚಿಲ್ಲರೆ ಅಂದಿತು. ಆಸ್ಪತ್ರೆಯಲ್ಲಿ ಕೈ ತೊಳೆಸಿ, ನರ್ಸಮ್ಮ ಎಡಗೈ ಕಿರುಬೆರಳು ಚುಚ್ಚಿದರೆ ನೂರೈವತ್ತು. ಸರ್ಜನ್ನರು ಆಗಬಹುದು, ಮಲಗಿಸಿ ಅಂದರು. ಆಗ ಜೊತೆಗೆ ಬಂದಿದ್ದ ಮಗಳು ಅಡ್ಡ ನಿಂತಳು. ಇದು ಇಲ್ಲಿಯ ನಾಟಕ ಡಾಕ್ಟ್ರೇ, ಮನೆಯಲ್ಲಿ ಯಾವತ್ತೂ ಮುನ್ನೂರೇ ಅಂತ ಮೀಟರು ತೆಗೆದು ಹಿಂದಿನದನ್ನೆಲ್ಲ ತೋರಿಸಿದಳು. ಸಕ್ಕರೆ ಹೀಗಿದ್ದರೆ ಗಾಯ ಕೊಳೆಯುವುದಿಲ್ಲವಾ, ಕೈಗೇ ಸಂಚಕಾರ ಬರುವುದಿಲ್ಲವಾ ಅಂತ ಕೇಳಿದಳು. ಅವರೂ ಯೋಚಿಸಿದರು. ಮೂರು ತಿಂಗಳು ಮುಂದಕ್ಕೆ ಹಾಕಿದರು. ನಾನು ಗೌನು ಬಿಚ್ಚಿ ನನ್ನ ಸೀರೆ ಉಟ್ಟುಕೊಂಡೆ. ಅವಳ ಮೇಲೆ ಕೋಪ ಬಂತಾ ಅಂದರೆ ಅದೂ ಇಲ್ಲ. ಏನೂ ಅನಿಸಲಿಲ್ಲ.

ಇನ್ಸುಲಿನ್ ಇನ್ನೂ ಏರಿತು. ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಬೆವರು ಕಿತ್ತುಕೊಂಡು ಬಂತು, ಕಣ್ಣು ಕತ್ತಲಿಟ್ಟಿತು, ಯಾರದೋ ನಿವೃತ್ತಿಯ ಕೇಕಿನ ಮೇಲೆ ಮುಖ ಇಟ್ಟು ಮಲಗಿಬಿಟ್ಟೆ. ಒಲೆ ನೋಡಿಕೊಳ್ಳುವಾಕೆ ಅದೇ ಕೇಕಿನ ಕ್ರೀಮು ಬಳಿದು ನನ್ನ ಬಾಯಿಗೆ ಸವರಿದಳಂತೆ. ಸುಧಾರಿಸಿಕೊಂಡು ಬಲಗೈ ಬೆರಳು ನೋಡಿದೆ, ಮುನ್ನೂರ ಹತ್ತು. ಮುನ್ನೂರಿದ್ದವಳು ಸಕ್ಕರೆ ಇಳಿದು ಹೇಗೆ ಬೀಳುತ್ತಾಳೆ? ತಕ್ಷಣ ಎಡಗೈ ತೊಳೆದು ನೋಡಿದೆ, ಎಪ್ಪತ್ತೆರಡು. ಒಂದೇ ಮೈಯಲ್ಲಿ ಎರಡು ಥರದ ರಕ್ತವಾ ಅಂತ ಬಲಗೈಯನ್ನೂ ಸೋಪು ಹಾಕಿ ತಿಕ್ಕಿ ನೋಡಿದೆ. ಎಪ್ಪತ್ತೈದು.

ಅಷ್ಟೇ ಕಣೇ. ಬೆರಳ ತುದಿಗೆ ಮೆತ್ತಿದ ಐಸಿಂಗ್ ಸಕ್ಕರೆ. ಬೇರೆಯವರಾಗಿದ್ದರೆ ಅಂಟಂಟು ಅನಿಸಿ ಕೈ ತೊಳೆಯುತ್ತಿದ್ದರು. ನನಗೆ ಅನಿಸಬೇಕಲ್ಲ. ಸಕ್ಕರೆಯಲ್ಲೇ ನೆನೆದ ಏಪ್ರನ್‌ಗೆ ಒರೆಸಿಕೊಂಡು ತೊಟ್ಟು ರಕ್ತ ಹಿಂಡುತ್ತಿದ್ದೆ.

ತಪ್ಪು ಯಂತ್ರದ್ದೇ ಆಗಲಿ ಅಂತ ಮಗಳಿಗೆ ಮೀಟರು ಕೆಟ್ಟಿತ್ತು, ಬದಲಾಯಿಸಿದೆ ಅಂತ ಹೇಳಿದೆ. ಆಸ್ಪತ್ರೆಗೆ ಓಡಿ ನಡೆದದ್ದನ್ನೆಲ್ಲ ಹೇಳಿ ಡೋಸ್ ಇಳಿಸಿಕೊಂಡೆ. ಆಪರೇಷನ್ನಿಗೆ ಮಾತ್ರ ಕೊಟ್ಟ ತಾರೀಕಿಗಿಂತ ಮೊದಲು ಜಾಗ ಸಿಗಲಿಲ್ಲ. ಆ ದಿನ ಬೆಳಗ್ಗೆ ಉಪವಾಸ, ಇನ್ಸುಲಿನ್ ಅರ್ಧ, ಗಂಟೆ ಗಂಟೆಗೂ ಚುಚ್ಚಿ ನೋಡಿದರು. ಮರುದಿನ ಇನ್ನೂರ ಇಪ್ಪತ್ತಕ್ಕೆ ಹಾರಿತು. ಕತ್ತರಿ ಬಿದ್ದ ಮೈ ಗಾಬರಿಗೇ ಸಕ್ಕರೆ ಏರಿಸುತ್ತದಂತೆ. ಮಗಳು ರಜೆ ಹಾಕಿ ನನ್ನ ಜೊತೆಯೇ ಇದ್ದಳು. ಒಂದು ಕೈಯಲ್ಲಿ ಸಿರಿಂಜು ತುಂಬಿಸಿಕೊಳ್ಳುವುದು ಹೇಗೆ? ಅವಳೇ ಚುಚ್ಚಿದಳು, ಅಳತೆ ಮಾಡಿ ಬಡಿಸಿದಳು, ತಲೆ ಬಾಚಿದಳು. ಅವಳ ಆರೈಕೆಗೇ ಸಕ್ಕರೆ ಇಳಿಯಿತು ಅಂದರೂ ತಪ್ಪಲ್ಲ.

ಹೊಲಿಗೆ ಬಿಚ್ಚುವ ದಿನ ಅವಳನ್ನು ಔಷಧಿ ತರಲು ಕಳಿಸಿ ಸರ್ಜನ್ನರನ್ನು ನೇರವಾಗಿ ಕೇಳಿದೆ. ನರ ತುಂಬಾ ದಿನ ಅದುಮಿಕೊಂಡಿತ್ತು, ಹೆಬ್ಬೆರಳ ಬುಡದ ಮಾಂಸ ಒಣಗಿದೆ, ಮೊದಲ ತಾರೀಕಿಗೇ ಆಗಿದ್ದರೆ ಬಹುಶಃ ಉಳಿಯುತ್ತಿತ್ತು ಅಂದರು. ಸರಿ ಅಂತ ತಲೆಯಾಡಿಸಿ ಎದ್ದೆ. ಅಮ್ಮನ ಕೈ ಹೋಗಿದ್ದು ತನ್ನ ಮಾತಿನಿಂದ ಅಂತ ಹೊತ್ತುಕೊಂಡು ಆ ಹುಡುಗಿ ಹೇಗೆ ಸಂಸಾರ ಮಾಡುತ್ತಾಳೆ? ನನ್ನ ಕೈ ಹೋದರೆ ಹೋಗಲಿ ಪುಟ್ಟಿ, ಇದೊಂದು ಅವಳ ಕಿವಿಗೆ ಬೀಳಬಾರದು.

ಅದಕ್ಕೇ ನೀನು ಬರಬೇಕು. ಒಂದೇ ಮೇಜಿನಲ್ಲಿ ಕಲಿತವರು ನಾವು, ನಿನ್ನ ಗುಲಾಬಿ ಯಾವುದು ನನ್ನದು ಯಾವುದು ಅಂತ ಕಲಿಸಿದವರಿಗೇ ಗೊತ್ತಾಗುತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಬಾ. ಒಳಗಿನಿಂದ ಬಾಗಿಲು ಹಾಕಿಕೊಳ್ಳೋಣ. ಹೂವು ನೀನು ಬಿಡಿಸು, ಹೆಸರು ನನಗಿರಲಿ. ಬೆನ್ನುನೋವು ಅಂತ ರಾಗ ಎಳೆಯಬೇಡ, ಕುರ್ಚಿ ಹಾಕಿಕೊಡುತ್ತೇನೆ.

ನಿನ್ನ ದಾರಿ ನೋಡುತ್ತಾ,
ಅಕ್ಕ

ತಾ.ಕ.: ಲಕೋಟೆಗೆ ಹಾಕುವಷ್ಟರಲ್ಲಿ ಮಗಳ ಫೋನು ಬಂತು. ಕೇಕಿಗೆ ಹೂವು ಬೇಡವಂತೆ, ಬರೀ ಬಿಳಿ ಸಾಕಂತೆ, ಗುಲಾಬಿಯೆಲ್ಲ ಹಳೇ ಕಾಲದ್ದಂತೆ. ಹುಟ್ಟುಹಬ್ಬದ ಕೇಕಿನಲ್ಲಿ ಒಂದು ಹೂವು ಕಮ್ಮಿಯಾಯಿತು ಅಂತ ನೆಲಕ್ಕೆ ಬಿದ್ದು ಹೊರಳಾಡಿದ್ದವಳು! ಆಮೇಲೆ ಅಮ್ಮಾ, ಆ ಮೂರು ತಿಂಗಳು ಅಂದಳು, ಅಲ್ಲಿಗೇ ನಿಲ್ಲಿಸಿ, ಇನ್ಸುಲಿನ್ ತಗೊಂಡ್ಯಾ ಅಂದಳು. ತಗೊಂಡೆ ಅಂದೆ. ಔಷಧಿ ತರಲು ಹೋದವಳು ಅವತ್ತು ಬಾಗಿಲ ಹೊರಗೇ ನಿಂತಿದ್ದಿರಬೇಕು. ಫೋನು ಇಡು ಅಂತ ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಇನ್ನು ಹೂವು ಬಿಡಿಸುವ ಕೆಲಸವಿಲ್ಲ ಪುಟ್ಟಿ, ನೀನು ಬರಲೇಬೇಕು ಅಂತಿಲ್ಲ. ಆದರೂ ಬಾ.