ತೊಳೆದು ಚೆಲ್ಲುವ ನೀರು

ಅಕ್ಕಾ,

ಚಳಿಗಾಲ ಬಂತೆಂದರೆ ನಿನ್ನ ವಾರ್ಡಿನ ಕೂಸುಗಳ ಉಸಿರು ಕಟ್ಟಿಸುವ ಆ ವೈರಸ್ಸಿಗೆ ನಾವು ಮಾಡಿದ ಲಸಿಕೆ ಗೆದ್ದಿದೆ. ಪ್ರಯೋಗದಲ್ಲಿ ಲಸಿಕೆ ಪಡೆದ ಒಂದು ಮಗುವಿಗೂ ಉಸಿರಾಟದ ಯಂತ್ರ ಬೇಕಾಗಲಿಲ್ಲ. ಇವತ್ತು ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಕೆಳಗೆ ನಮ್ಮ ಸಂಸ್ಥೆಯ ನಿರ್ದೇಶಕರ ಭಾಷಣ ಇನ್ನೂ ನಡೆದಿದೆ. ನಾನು ಮೇಲೆ ಬಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ, ರಕ್ತದಿಂದ ತೆಗೆದ ಕೋಶಗಳಲ್ಲಿ ಗಾಜಿನ ತಟ್ಟೆಗೆ ಅಂಟಿದವನ್ನು ಇಟ್ಟುಕೊಂಡು ತೇಲುವವನ್ನು ತೊಳೆದು ಚೆಲ್ಲುವುದು ನಮ್ಮಲ್ಲಿ ರೂಢಿ. ನಾನು ಆ ಚೆಲ್ಲುವ ನೀರನ್ನೇ ಎತ್ತಿಟ್ಟೆ. "ಪಾತ್ರೆ ತೊಳೆದ ನೀರು ಕಾಯ್ತಾ ಕೂತಿದ್ದೀಯಲ್ಲೇ, ತಲೆ ಗಿಲೆ ಕೆಟ್ಟಿದೆಯಾ?" ಎಂದಿದ್ದೆ ನೀನು. ನಾನು ಹುಡುಕುತ್ತಿದ್ದ ಡೆಂಡ್ರೈಟಿಕ್ ಕೋಶಗಳು ಅದರಲ್ಲೇ ಇದ್ದವು. ಕೊಂಬೆಗಳಂತೆ ಕೈ ಚಾಚಿ ವೈರಸ್ಸಿನ ಚೂರು ಹಿಡಿದು, ಇವನೇ ಕಳ್ಳ ಎಂದು ದೇಹದ ಕಾವಲಿಗೆ ತೋರಿಸಿಕೊಡುವಂಥವು ಅವು. ನಮ್ಮ ಲಸಿಕೆ ಆ ಚೂರನ್ನು ನೇರವಾಗಿ ಅವುಗಳ ಕೈಗೇ ಕೊಡುತ್ತದೆ.

ಸೋಮವಾರ ಮೊದಲ ಪೆಟ್ಟಿಗೆ ನಿನ್ನ ಆಸ್ಪತ್ರೆಗೇ ಬರುತ್ತದೆ. ಸಿಬ್ಬಂದಿಗೂ ಇದೆ, ಊರಿಗೆಲ್ಲ ಸೂಜಿ ಚುಚ್ಚುವ ದೊಡ್ಡ ನರ್ಸು ನೀನು, ನಿನ್ನ ಸರದಿ ಬಂದಾಗ ಬಚ್ಚಲಲ್ಲಿ ಅಡಗಿ ಕೂರಬೇಡ. ಇನ್ನೊಂದು ಮಾತು: ಪ್ರತಿ ಚಳಿಗಾಲಕ್ಕೂ ಹಜಾರದಲ್ಲಿ ಹಾಕಿಸುವ ಹೆಚ್ಚುವರಿ ಮಂಚಗಳನ್ನು ಈ ಸಲ ಉಗ್ರಾಣದಿಂದ ತರಿಸಬೇಡ.

ನಿನ್ನ ಮೊಂಡಿ ತಂಗಿ