ಗಾಜಿನ ಬಾಗಿಲಿನಿಂದ ಹಿಂದೆ ಬಂದ ದೊಡ್ಡಪ್ಪನಿಗೆ

ಪ್ರೀತಿಯ ದೊಡ್ಡಪ್ಪ,

ಹತ್ತು ದಿನದ ಹಿಂದೆ, ಗುರುವಾರ, ನಾನು ಮಣಿಪಾಲದಲ್ಲಿ ಬಸ್ಸಿನಿಂದ ಇಳಿಯಲಿಲ್ಲ. ಇದನ್ನು ಹೆಂಡತಿ ಸುಮತಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಪರ್ಕಳದಲ್ಲಿ ದಿನಾ ಹತ್ತುವ ಬಸ್ಸನ್ನೇ ಹತ್ತಿದ್ದೆ. ಬುತ್ತಿ ಚೀಲ ತೊಡೆಯ ಮೇಲಿತ್ತು. ಸ್ಟಾಪ್ ಬಂತು, ನಾಲ್ಕು ಜನ ಇಳಿದರು, ಕಂಡಕ್ಟರ್ ನನ್ನ ಕಡೆ ತಿರುಗಿ, "ಎಂತ ಅಣ್ಣ, ಇವತ್ತು ರಜೆಯಾ?" ಎಂದ. ಹೌದೆಂದು ತಲೆಯಾಡಿಸಿದೆ. ಕಾಲು ಏಳಲೇ ಇಲ್ಲ ದೊಡ್ಡಪ್ಪ. ಉಡುಪಿಗೆ ಹೋದವನು ಅಂಬಲಪಾಡಿ ದೇವಸ್ಥಾನದ ಎದುರು ಮಧ್ಯಾಹ್ನದವರೆಗೆ ಕೂತಿದ್ದೆ. ಮಹಾಕಾಳಿ ಅಮ್ಮನ ಹತ್ತಿರ ಎಂತ ಕೇಳಲಿ? ನಲವತ್ತೇಳು ವರ್ಷದ ಗಂಡಸು ಕಂಪ್ಯೂಟರಿಗೆ ಹೆದರಿ ಓಡಿ ಬಂದಿದ್ದೇನೆ ಅಂತಲಾ? ಬುತ್ತಿಯನ್ನು ಅಲ್ಲೇ ತಿಂದು, ಸಂಜೆ ಕೆಲಸ ಮುಗಿಸಿ ಬಂದವನ ಹಾಗೆ ಮುಖ ಮಾಡಿಕೊಂಡು ಮನೆಗೆ ಹೋದೆ.

ಹಿಂದಿನ ದಿನವೇ ಹೆದರಿಕೆ ಶುರುವಾಗಿತ್ತು. ಹಲ್ಲಿನ ಲ್ಯಾಬಿನ ಯಜಮಾನರು ನಮ್ಮನ್ನೆಲ್ಲ ಕರೆದು ಕೂರಿಸಿ, ಒಳ್ಳೆಯ ಮಾತಿನಲ್ಲೇ ಹೇಳಿದರು. ದೀಪಾವಳಿಯ ನಂತರ ಮೇಣದಲ್ಲಿ ಹಲ್ಲು ಮಾಡುವ ಟೇಬಲ್ ಇರುವುದಿಲ್ಲ. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚನ್ನು ಸ್ಕ್ಯಾನ್ ಮಾಡುವುದು, ಹಲ್ಲನ್ನು ಪರದೆಯ ಮೇಲೆ ಮಾಡುವುದು, ಯಂತ್ರ ಕೆತ್ತುವುದು. ಕಲಿತವರು ಡಿಸೈನಿಗೆ, ಉಳಿದವರು ಪ್ಲಾಸ್ಟರಿನ ಗಾರೆ ಕಲಸಿ ಅಚ್ಚು ಹೊಯ್ಯುವುದಕ್ಕೆ. ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಇಷ್ಟು ವರ್ಷ ಹಲ್ಲು ಮಾಡಿದ ಈ ಕೈ ಇನ್ನು ಗಾರೆ ಕಲಸುವುದಾ?

ಕಾರ್ಕಳದ ನಿಮ್ಮ ಚಿನ್ನದ ಕೆಲಸದ ಕುಲುಮೆಯ ಮುಂದೆ ಕೂತ ದಿನಗಳಲ್ಲೂ ನನಗೆ ಹೆದರಿಕೆಯೇ. ಅಪ್ಪ ಮುಂಬೈಯಲ್ಲಿದ್ದರು, ಶಾಲೆ ನನಗೆ ಹತ್ತಲಿಲ್ಲ, ನೀವು ಕೈ ಹಿಡಿದು ಕೂರಿಸಿಕೊಂಡಿರಿ. ಕಾಪುವಿನಿಂದ ಒಬ್ಬರು ಹೆಂಗಸು ಒಂಟಿ ಬೆಂಡೋಲೆ ಹಿಡಿದುಕೊಂಡು ಬಂದಿದ್ದರು, ನೆನಪುಂಟಾ? ಜೋಡಿಯಲ್ಲಿ ಒಂದು ಕಳೆದುಹೋಗಿತ್ತು. ಅದರ ಜೊತೆಯದನ್ನು ಮಾಡಲು ನೀವು ಮೊದಲ ಬಾರಿ ನನ್ನ ಕೈಗೆ ಕೊಟ್ಟಿರಿ. ನಾನು ಜೀವ ಬಿಟ್ಟು ಮಾಡಿದೆ, ಹೊಳಪು ಕೊಟ್ಟೆ, ಕನ್ನಡಿಯ ಹಾಗೆ ಮಾಡಿ ತಂದು ಎದುರಿಗಿಟ್ಟೆ. ನೀವು ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ನಕ್ಕಿರಿ. "ಸದಾ, ಒಂದು ಮೂವತ್ತು ವರ್ಷ ಕಿವಿಯಲ್ಲಿತ್ತು, ಇನ್ನೊಂದು ನಿನ್ನೆ ಹುಟ್ಟಿತು ಅಂತ ಊರಿಗೆಲ್ಲ ಡಂಗುರ ಹೊಡೆಯುವುದಾ ಮಾರಾಯ?" ಮತ್ತೆ ಹಳೆಯದು ಎಲ್ಲೆಲ್ಲಿ ಸವೆದಿದೆ, ಕುತ್ತಿಗೆಗೆ ತಾಗುವ ಕಡೆ ಎಷ್ಟು, ಬೆರಳು ಹಿಡಿಯುವ ಕಡೆ ಎಷ್ಟು ಎಂದು ತೋರಿಸಿ, ಹೊಸದನ್ನು ಅಷ್ಟೇ ಉಜ್ಜಿಸಿದಿರಿ. ಹಾಳಾದೀತೆಂದು ನಾನು ನಿಲ್ಲಿಸಿ ನಿಲ್ಲಿಸಿ ಉಜ್ಜುತ್ತಿದ್ದೆ. "ಹಾಳಾದರೆ ಕರಗಿಸುವುದು, ಮತ್ತೆ ಮಾಡುವುದು. ಅದಕ್ಕೆ ಎಂತ ಹೆದರುವುದು?" ಎಂದಿರಿ. ನೀವು ಯಾವುದಕ್ಕೂ ಹೆದರುವವರಲ್ಲ ಎಂದೇ ನಾನು ಅಂದುಕೊಂಡಿದ್ದೆ.

ಆಮೇಲೆ ರೆಡಿಮೇಡ್ ಆಭರಣಗಳು ಬಂದವು, ಶೋರೂಮುಗಳು ಬಂದವು, ನಮ್ಮ ಜಗಲಿಗೆ ಬರುವವರು ಕಡಿಮೆಯಾದರು. ಕೊನೆಗೆ ತುಂಡಾದ ಸರಕ್ಕೆ ಬೆಸುಗೆ, ಮೂಗುತಿಯ ತಿರುಪು, ಇಷ್ಟೇ ಕೆಲಸ. ಪೇಟೆಯ ಹಲ್ಲಿನ ಡಾಕ್ಟರು ಒಂದು ದಿನ ಸಣ್ಣ ತಂತಿಯೊಂದಕ್ಕೆ ಬೆಸುಗೆ ಹಾಕಿಸಿಕೊಳ್ಳಲು ಬಂದು, ನನ್ನ ಕೈ ನೋಡುತ್ತ ನಿಂತು, "ಮಣಿಪಾಲದಲ್ಲಿ ಹಲ್ಲಿನ ಲ್ಯಾಬ್ ಉಂಟು, ಕಲಿತುಕೊಳ್ಳುತ್ತೀರಾ?" ಎಂದು ಕೇಳಿದ್ದು ಆಗ. ನಾನು ನಿಮ್ಮ ಮುಖ ನೋಡಿದೆ. ನೀವು ಊದುಕೊಳವೆಯನ್ನು ಬಾಯಿಂದ ತೆಗೆಯದೆ ಹುಬ್ಬಿನಲ್ಲೇ ಹೋಗು ಎಂದಿರಿ. ಅಲ್ಲಿ ಹೋಗಿ ನೋಡಿದರೆ ನಮ್ಮದೇ ಕೆಲಸ! ಮೇಣದಲ್ಲಿ ರೂಪ ಮಾಡಿ, ಅಚ್ಚಿನೊಳಗೆ ಹಾಕಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಸುರಿಯುವುದು. ಸಹಾಯಕನಾಗಿ ಸೇರಿ, ಕೆಲಸದ ಜೊತೆಗೇ ಓದಿ ಪರೀಕ್ಷೆ ಬರೆದೆ. ಲೋಹ ಕೈಗೆ ಹತ್ತಿತು ಎನ್ನುವಾಗ ಪಿಂಗಾಣಿ ಬಂತು. ಕುಂಚ ಹಿಡಿದು ಹಲ್ಲಿಗೆ ಪದರ ಪದರವಾಗಿ ಬಣ್ಣ ಕೊಡುವುದು ಕಲಿತೆ. ಪ್ರತಿ ಸಲ ಹೊಸದು ಬಂದಾಗಲೂ ಅದೇ ಹೆದರಿಕೆ, ಪ್ರತಿ ಸಲ ಕಲಿತ ಮೇಲೆ ಅದೇ ಖುಷಿ. ನಿಜ ಹೇಳಬೇಕೆಂದರೆ ಚಿನ್ನಕ್ಕಿಂತ ಹೆಚ್ಚು ಖುಷಿ ನನಗೆ ಹಲ್ಲಿನಲ್ಲೇ ಸಿಕ್ಕಿದ್ದು. ಯಾರೋ ಒಬ್ಬರು ನಾನು ಮಾಡಿದ್ದರಿಂದ ಚಕ್ಕುಲಿ ತಿನ್ನುತ್ತಾರಲ್ಲ! ಆದರೆ ಈ ಸಲ... ಮೇಣ, ಲೋಹ, ಪಿಂಗಾಣಿ ಎಲ್ಲ ಕೈಗೆ ಸಿಗುವಂಥವು. ಪರದೆಯ ಒಳಗೆ ಇರುವುದನ್ನು ಹಿಡಿಯುವುದು ಹೇಗೆ?

ಕಲಿಯುತ್ತಿದ್ದ ಕಾಲದಲ್ಲಿ ನಿಮ್ಮ ಬಾಯಿಯ ಅಚ್ಚು ತೆಗೆದ ದಿನ ನೆನಪಾದರೆ ಈಗಲೂ ನಗು ಬರುತ್ತದೆ. ಅಭ್ಯಾಸಕ್ಕೆ ಒಂದು ಬಾಯಿ ಬೇಕಿತ್ತು, ನೀವು ಕೊಟ್ಟಿರಿ. ಬಾಯಿ ತುಂಬ ಗುಲಾಬಿ ಬಣ್ಣದ ಅಂಟು ತುಂಬಿಸಿಕೊಂಡು ಕಣ್ಣು ದೊಡ್ಡದು ಮಾಡಿ ಕೂತಿದ್ದಿರಿ, ದೊಡ್ಡಮ್ಮ ಬಾಗಿಲಲ್ಲಿ ನಿಂತು ಬೈಯುತ್ತಿದ್ದರು. ಗಾರೆಯಲ್ಲಿ ಹೊಯ್ದು ತೆಗೆದಾಗ ನಿಮ್ಮ ಹಲ್ಲುಗಳೆಲ್ಲ ಇದ್ದ ಹಾಗೇ ಬಂದವು. ಮೇಲಿನ ಸಾಲಿನಲ್ಲಿ ಮುಂದಿನ ಒಂದು ಹಲ್ಲು ಇಲ್ಲ, ಅಕ್ಕಪಕ್ಕದವು ಊದುಕೊಳವೆ ಕಚ್ಚಿ ಕಚ್ಚಿ ಸವೆದಿವೆ. ನೀವು ಸಂಭ್ರಮದಿಂದ ಅದನ್ನು ಶೋಕೇಸಿನಲ್ಲಿ ಇಟ್ಟಿರಿ, "ಹಲ್ಲು ಇಡುವ ಜಾಗವಾ ಅದು!" ಎಂದು ದೊಡ್ಡಮ್ಮ ಮಾರನೆಯ ದಿನವೇ ಎಲ್ಲೋ ಅಡಗಿಸಿದರು. ಆ ಒಂದು ಹಲ್ಲು ಮಾಡಿಕೊಡುತ್ತೇನೆ ಎಂದು ಎಷ್ಟು ಸಲ ಹೇಳಿಲ್ಲ ನಾನು? "ನನಗೆ ಇನ್ನು ಎಂತ ಹಲ್ಲು, ಮದುವೆಯಾ?" ಎನ್ನುತ್ತಿದ್ದಿರಿ. ನಗುವಾಗ ಮಾತ್ರ ಕೈ ಬಾಯಿಗೆ ಅಡ್ಡ ಹೋಗುತ್ತಿತ್ತು.

ಇನ್ನೊಂದು ದಿನದ್ದು ಈಗ ಹೇಳಬೇಕು. ಕುಲುಮೆ ಆರಿಸಿ ಕೂತ ಮೇಲೆ ನಾನು ನಿಮ್ಮನ್ನು ಒತ್ತಾಯ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಬಂದೆನಲ್ಲ, ಆ ದಿನದ್ದು. ಲ್ಯಾಬಿನಲ್ಲಿ ಮೇಣದ ಕೆಲಸಕ್ಕೆ ಜನ ಬೇಕಿತ್ತು, ಯಜಮಾನರೇ ಕರೆದುಕೊಂಡು ಬನ್ನಿ ಎಂದಿದ್ದರು. ನೀವು ಇಸ್ತ್ರಿ ಹಾಕಿದ ಪಂಚೆ ಉಟ್ಟು ಬಂದಿರಿ. ಮೆಟ್ಟಿಲು ಹತ್ತಿದಿರಿ. ಗಾಜಿನ ಬಾಗಿಲಿನ ಆಚೆ ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಓಡಾಡುತ್ತಿದ್ದರು. ನೀವು ಅಲ್ಲೇ ನಿಂತು ಕೈಯನ್ನು ಪಂಚೆಗೆ ಒರೆಸಿಕೊಂಡಿರಿ, ಇನ್ನೊಮ್ಮೆ ಒರೆಸಿಕೊಂಡಿರಿ. "ಸದಾ, ನನ್ನ ಬಸ್ಸಿಗೆ ಹೊತ್ತಾಯಿತು" ಎಂದು ಇಳಿದು ಹೋಗಿಯೇ ಬಿಟ್ಟಿರಿ. ಕಾರ್ಕಳಕ್ಕೆ ಬಸ್ಸಿಗೇನು ಬರವಾ? ಹಿರಿಯರ ಹಠ, ಇನ್ನೊಬ್ಬರ ಕೈಕೆಳಗೆ ಕೂರಲು ಮನಸ್ಸಿಲ್ಲ ಎಂದುಕೊಂಡೆ. ನೀವು ತೀರಿಹೋಗುವವರೆಗೂ ಅದರ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಬಸ್ಸಿನಿಂದ ಇಳಿಯದ ಆ ಗುರುವಾರ ಕಳೆದು ಭಾನುವಾರ ಕಾರ್ಕಳಕ್ಕೆ ಹೋದೆ. ಸೋಲು ಒಪ್ಪಿಕೊಳ್ಳುವುದಕ್ಕೇ ಹೋದದ್ದು. ನಿಮ್ಮ ಅಳಿಯ ಗಣೇಶ ಉಡುಪಿಯ ಶೋರೂಮಿನಲ್ಲಿ ಇದ್ದಾನಲ್ಲ, ಅಲ್ಲಿ ಕೌಂಟರಿಗೆ ಒಬ್ಬರು ಬೇಕು, ಚಿನ್ನ ಗೊತ್ತಿರುವವರಾದರೆ ಒಳ್ಳೆಯದು ಎಂದು ಹೇಳಿದ್ದ. ನಿಂತು ಮಾತಾಡುವ ಕೆಲಸ, ಹೊಸದಾಗಿ ಕಲಿಯಲಿಕ್ಕೆ ಎಂತದೂ ಇಲ್ಲ. ಹೂಂ ಎಂದು ಹೇಳಿ ಬರೋಣ ಎಂದು ಹೋದರೆ ಅವನು ಸ್ನಾನಕ್ಕೆ ಹೋಗಿದ್ದ. ದೊಡ್ಡಮ್ಮ ಚಾ ಕೊಟ್ಟು ಎದುರು ಕೂತರು. ಅವರ ಮುಖ ನೋಡಿದ್ದೇ ಬಸ್ಸಿನ ಕಥೆ ಬಾಯಿಗೆ ಬಂದುಬಿಟ್ಟಿತು.

"ಅವರೂ ಹಾಗೇ ಬಂದದ್ದಲ್ವಾ?" ಎಂದರು ದೊಡ್ಡಮ್ಮ. "ಆ ಬಾಗಿಲಿನ ಹತ್ತಿರ ಕೈ ಎಲ್ಲ ಬೆವರಿತಂತೆ. ಮೇಣ ಹಿಡಿದರೆ ಜಾರಿ ಬೀಳುತ್ತದೆ, ಆ ಮಕ್ಕಳು ನೋಡಿ ನಗಾಡುತ್ತಾರೆ ಅಂತ ಹೆದರಿಕೆ ಆಯಿತಂತೆ. ನನ್ನ ಹತ್ತಿರ ಮಾತ್ರ ಹೇಳಿದ್ದರು, ಸದಾನಿಗೆ ಹೇಳಬೇಡ ಅಂದಿದ್ದರು. ಮತ್ತೆ ಎಷ್ಟೋ ಸಲ ಕೂತಲ್ಲಿಯೇ ಹೇಳಿದ್ದುಂಟು, ಒಳಗೆ ಹೋಗಿ ನೋಡಬೇಕಿತ್ತು ಅಂತ."

ನಾನು ಚಾ ಕೆಳಗಿಟ್ಟೆ ದೊಡ್ಡಪ್ಪ. ನೀವು ಹೆದರಿದ್ದಿರಾ? ಸುಡುವ ಕೆಂಡಕ್ಕೆ ಬಾಯಿಟ್ಟು ಊದುವ ನೀವು? ನನಗೆ ಒಂದು ಮಾತು ಹೇಳಿದ್ದರೆ... ಹೇಳಿದ್ದರೆ ನಾನೇನು ಮಾಡುತ್ತಿದ್ದೆನೋ. ಆ ವಯಸ್ಸಿನಲ್ಲಿ ನನಗೆ ಅರ್ಥವೂ ಆಗುತ್ತಿರಲಿಲ್ಲ. ಈಗ ಅರ್ಥವಾಗಿ ಇನ್ನೂ ಹೆಚ್ಚು ಹೆದರಿಕೆಯಾಯಿತು. ನಾನೂ ಮುಂದೆ ಎಲ್ಲೋ ಒಂದು ಜಗಲಿಯಲ್ಲಿ ಕೂತು, ಬಸ್ಸಿನಿಂದ ಇಳಿದು ನೋಡಬೇಕಿತ್ತು ಎಂದು ಹೇಳಿಕೊಂಡೇ ಇರುತ್ತೇನಾ? ಗಣೇಶ ಸ್ನಾನ ಮುಗಿಸಿ ಬಂದಾಗ, ಒಂದು ವಾರ ಸಮಯ ಕೊಡು ಎಂದೆ. ಹೊರಡುವಾಗ ದೊಡ್ಡಮ್ಮ ಒಳಗೆ ಹೋಗಿ ಕಪಾಟಿನ ತಳದಿಂದ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟದ್ದನ್ನು ತಂದುಕೊಟ್ಟರು. ನಿಮ್ಮ ಬಾಯಿಯ ಅಚ್ಚು. ಒಂದು ಮೂಲೆ ಒಡೆದದ್ದು ಬಿಟ್ಟರೆ ಎಲ್ಲ ಹಾಗೇ ಇತ್ತು.

ಸೋಮವಾರ ಬುತ್ತಿ ಚೀಲದಲ್ಲಿ ನಿಮ್ಮನ್ನು ಇಟ್ಟುಕೊಂಡು ಮಣಿಪಾಲದಲ್ಲಿ ಇಳಿದೆ. ಮೆಟ್ಟಿಲು ಹತ್ತಿ ಗಾಜಿನ ಬಾಗಿಲಿನ ಎದುರು ನಿಂತಾಗ ನನ್ನ ಕೈಯೂ ಪ್ಯಾಂಟಿಗೆ ಹೋಯಿತು, ಒರೆಸಿಕೊಂಡೆ. ಮತ್ತೆ ಭುಜದಿಂದ ಬಾಗಿಲು ತಳ್ಳಿ ಇಬ್ಬರೂ ಒಳಗೆ ಹೋದೆವು.

ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವಳು ರೆನಿಟಾ ಎಂಬ ಹುಡುಗಿ, ಕಾಪುವಿನವಳು. ನನ್ನ ಅರ್ಧ ವಯಸ್ಸು. ನನಗೆ ಕಲಿಸಿಕೊಡುತ್ತೀರಾ ಎಂದು ಕೇಳಿದೆ. ಅವಳು ಕುರ್ಚಿ ಎಳೆದು ಹಾಕಿ, "ಬನ್ನಿ ಸದಾನಂದಣ್ಣ, ಅಭ್ಯಾಸಕ್ಕೆ ಯಾವುದಾದರೂ ಹಳೆಯ ಅಚ್ಚು ಉಂಟಾ?" ಎಂದಳು. ನಿಮ್ಮನ್ನು ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಹಲ್ಲುಗಳು ಪರದೆಯ ಮೇಲೆ ದೊಡ್ಡದಾಗಿ ಬಂದು ನಿಧಾನಕ್ಕೆ ತಿರುಗತೊಡಗಿದವು. ನನಗೆ ಏನಾಯಿತೋ, ಕಣ್ಣು ಒರೆಸಿಕೊಂಡೆ. "ಯಾರದ್ದು ಅಣ್ಣ?" ಎಂದಳು. ನನಗೆ ಕಲಿಸಿದವರದ್ದು ಎಂದೆ.

ಮೌಸ್ ಹಿಡಿದರೆ ಅದು ಬೆವರಿಗೆ ಜಾರುತ್ತಿತ್ತು. ಎಲ್ಲೋ ಒತ್ತಿದೆ, ಅರ್ಧ ದವಡೆ ಮಾಯ! ಕೈ ಹಿಂದೆ ತೆಗೆದುಬಿಟ್ಟೆ. "ಹಾಳಾಯಿತಾ?" ಎಂದೆ. "ಎಂತ ಆಗಲಿಲ್ಲ. ಹಿಂದೆ ಹೋಗುವುದು, ಮತ್ತೆ ಮಾಡುವುದು, ಅಷ್ಟೆ" ಎಂದು ಒಂದು ಗುಂಡಿ ಒತ್ತಿದಳು, ದವಡೆ ವಾಪಸ್ ಬಂತು. ಅವಳ ಮಾತು ಕೇಳಿ ಚಿನ್ನ ಕರಗಿಸುವ ನಿಮ್ಮ ಮಾತೇ ಕೇಳಿದ ಹಾಗಾಯಿತು. "ನಿಮಗೆ ಹೆದರಿಕೆ ಇಲ್ಲವಲ್ಲ" ಎಂದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ನನಗಾ? ಈಗ ಕಂಪ್ಯೂಟರೇ ತಾನಾಗಿ ಡಿಸೈನ್ ಮಾಡುವುದು ಬಂದಿದೆ ಅಣ್ಣ. ನಾಳೆ ನಾನು ಎಂತ ಕಲಿಯಬೇಕೋ ಅಂತ ದಿನಾ ಹೆದರಿಕೆ. ಆನ್‌ಲೈನಿನಲ್ಲಿ ಇನ್ನೊಂದು ಕೋರ್ಸ್ ಸೇರಿದ್ದೇನೆ" ಎಂದಳು. ಅವಳಿಗೂ ಹೆದರಿಕೆಯಂತೆ! ನಾಚಿಕೆಯ ವಿಷಯ, ಆದರೆ ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು.

ನಿಮ್ಮ ಖಾಲಿ ಜಾಗಕ್ಕೆ ಕಂಪ್ಯೂಟರ್ ತಾನೇ ಒಂದು ಹಲ್ಲು ತಂದು ಕೂರಿಸಿತು. ಅಂಚು ನೇರ, ಒಂದು ಗೀರಿಲ್ಲ. "ಚಂದ ಬಂತಲ್ವಾ?" ಎಂದಳು ರೆನಿಟಾ. ಚಂದವೇ. ಆದರೆ ಅಕ್ಕಪಕ್ಕದಲ್ಲಿ ನಿಮ್ಮ ಸವೆದ ಹಲ್ಲುಗಳು, ನಡುವೆ ಇದು, ಡಂಗುರ ಹೊಡೆಯುವ ಹಾಗೆ. ಕಾಪುವಿನ ಹೆಂಗಸಿನ ಬೆಂಡೋಲೆ ನೆನಪಾಯಿತು. ಇದನ್ನು ಸವೆಸುವುದು ಹೇಗೆ ಎಂದು ಕೇಳಿದೆ, ತೋರಿಸಿಕೊಟ್ಟಳು. ಆ ದಿನ, ಮಾರನೆಯ ದಿನ, ಬಿಡುವಾದಾಗಲೆಲ್ಲ ಕೂತೆ. ಒಂದು ಕಡೆ ಉಜ್ಜಿದರೆ ಇನ್ನೊಂದು ಕಡೆ ಹಳ್ಳ ಬೀಳುತ್ತಿತ್ತು. ಎಷ್ಟು ಸಲ ಹಿಂದೆ ಹೋದೆನೋ. ಕೊಳವೆ ಎಲ್ಲಿ ಕೂರುತ್ತಿತ್ತು ಎಂದು ಕಣ್ಣು ಮುಚ್ಚಿ ನಿಮ್ಮ ಮುಖವನ್ನು ನೆನೆಸಿಕೊಳ್ಳುತ್ತಿದ್ದೆ. ಕೊನೆಗೆ ಯಂತ್ರ ಪಿಂಗಾಣಿಯಂಥ ಬಿಳಿ ತುಂಡಿನಿಂದ ಅದನ್ನು ಕೆತ್ತಿ ಕೊಟ್ಟಿತು. ಒಲೆಗೆ ಹೋಗುವ ಮೊದಲು ಅದು ಬೇಕಾದ್ದಕ್ಕಿಂತ ದೊಡ್ಡದಿರುತ್ತದೆ, ಬೆಂದು ಕುಗ್ಗಿ ಅಳತೆಗೆ ಬರಬೇಕು. ಒಲೆಯ ಬಾಗಿಲು ತೆರೆಯುವಾಗ ನಾನು ದೂರ ಹೋಗಿ ನಿಂತಿದ್ದೆ. ರೆನಿಟಾ ಕರೆದಳು. ಅಚ್ಚಿನ ಮೇಲೆ ಇಟ್ಟು ಬೆರಳಿನಲ್ಲಿ ಮೆಲ್ಲ ಒತ್ತಿದೆ, ಕೂತಿತು.

ಇವತ್ತು ಮತ್ತೆ ಭಾನುವಾರ, ಕಾರ್ಕಳದಿಂದ ಈಗಷ್ಟೇ ಬಂದು ಇದನ್ನು ಬರೆಯುತ್ತಿದ್ದೇನೆ. ಗಣೇಶನಿಗೆ ಶೋರೂಮು ಬೇಡ ಎಂದು ಹೇಳಿದೆ. ದೊಡ್ಡಮ್ಮ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಸರಿಯಾಗಿ ಕಾಣದ್ದಕ್ಕೆ ಹಲ್ಲಿನ ಅಂಚಿನ ಮೇಲೆ ಬೆರಳಾಡಿಸಿದರು. ಹೊಸ ಹಲ್ಲಿನ ಸವೆದ ಕಡೆ ಬಂದಾಗ ಬೆರಳು ನಿಂತಿತು. "ಇಲ್ಲಿ ಕೊಳವೆ ಇಡುತ್ತಿದ್ದದ್ದು" ಎಂದರು. ಆಮೇಲೆ ಎದ್ದು ಹೋಗಿ ಅದನ್ನು ಶೋಕೇಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಎದುರಿಗೇ ಇಟ್ಟರು.

ನಿಮ್ಮ ಹಲ್ಲು ಆಯಿತು ದೊಡ್ಡಪ್ಪ. ಇನ್ನು ಬಾಯಿಗೆ ಕೈ ಅಡ್ಡ ಹಿಡಿಯಬೇಕೆಂದಿಲ್ಲ. ನಾಳೆ ಯಜಮಾನರು ನನಗೆ ಮೊದಲ ಬಾರಿ ನಿಜವಾದ ಒಬ್ಬರ ಹಲ್ಲನ್ನು ಪರದೆಯ ಮೇಲೆ ಮಾಡಲು ಕೊಡುತ್ತಾರೆ, ಯಾರೋ ಪರ್ಕಳದ ಟೀಚರಂತೆ. ಈಗಲೇ ಅಂಗೈ ಬೆವರುತ್ತಿದೆ, ಪೆನ್ನು ಜಾರುತ್ತಿದೆ, ಈ ಸಾಲು ಓರೆಯಾಗಿರುವುದು ಅದಕ್ಕೇ. ನಾಳೆ ಬಸ್ಸಿನಲ್ಲಿಯೂ ಹೆದರಿಕೆ ಆಗುತ್ತದೆ, ನನಗೆ ಗೊತ್ತುಂಟು. ಆದರೆ ಇಳಿಯುತ್ತೇನೆ.

ನಿಮ್ಮ
ಸದಾ